ನೂರ ಹನ್ನೆರಡು ಗೆಲವುಗಳು

ನಡೆದುಹೋದದ್ದನ್ನು ನಡೆಯಲೇ ಇಲ್ಲವೆಂದು ಸಾರುವ ಅಭ್ಯಾಸ ಬಹಳ ಹಳೆಯದು. ಈಜಿಪ್ಟನ್ನು ಆಳಿದ ರಾಣಿ ಹ್ಯಾಟ್‌ಶೆಪ್ಸುಟಳ ಹೆಸರನ್ನು ಆಕೆ ಸತ್ತಮೇಲೆ ದೇವಾಲಯದ ಗೋಡೆಗಳಿಂದ ಕೆತ್ತಿ ತೆಗೆಸಿದರು. ರೋಮಿನ ಹಿರಿಯರ ಸಭೆ ತನಗಾಗದ ಚಕ್ರವರ್ತಿಗಳ ಹೆಸರನ್ನು ಶಾಸನಗಳಿಂದ ಅಳಿಸಿತು. ಇದೇ ಜಾತಿಗೆ ಸೇರಿದ ಒಂದು ಆಜ್ಞೆ 2012ನೆಯ ಇಸವಿ ಜುಲೈ 23ರಂದು ಅಮೆರಿಕಾದ ಇಂಡಿಯಾನಾಪೊಲಿಸ್ ನಗರದಿಂದ ಹೊರಟಿತು. ಪೆನ್ಸಿಲ್ವೇನಿಯಾ ಸಂಸ್ಥಾನದ ಪೆನ್ ಸ್ಟೇಟ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡವು 1998ರಿಂದ 2011ರವರೆಗೆ ಗೆದ್ದಿದ್ದ 112 ಪಂದ್ಯಗಳು ಇನ್ನು ಮೇಲೆ ಗೆದ್ದ ಪಂದ್ಯಗಳಲ್ಲ ಎಂಬುದು ಅದರ ಒಂದು ಅಂಶ. ಆ ವರ್ಷಗಳಲ್ಲಿ ಸೋತದ್ದು ಮಾತ್ರ ಸೋಲಾಗಿಯೇ ಉಳಿಯಿತು. ಲಕ್ಷ ಜನ ಕಣ್ಣಾರೆ ಕಂಡು, ಲಕ್ಷಾಂತರ ಮಂದಿ ಮನೆಯಲ್ಲಿ ಕುಳಿತು ರೇಡಿಯೋದಲ್ಲಿ ಕೇಳಿ, ಟೆಲಿವಿಷನ್ನಿನಲ್ಲಿ ನೋಡಿ ಕೂಗಾಡಿದ್ದ ಆಟಗಳು ಹೀಗೆ ಒಂದು ಬೆಳಗ್ಗೆ ಪುಸ್ತಕದಿಂದ ಕಾಣೆಯಾದವು.

ಈ ಶಿಕ್ಷೆಗೆ ಕಾರಣವಾದದ್ದು ಆಟದಲ್ಲಿ ನಡೆದ ಮೋಸವಲ್ಲ. ತಂಡದ ಮಾಜಿ ಸಹಾಯಕ ತರಬೇತುದಾರನೊಬ್ಬ ಎಷ್ಟೋ ವರ್ಷ ಎಳೆಯ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದ. ಅದರ ಸುಳಿವು ಸಿಕ್ಕಿದ ದೊಡ್ಡವರು ಬಾಯಿ ಮುಚ್ಚಿಕೊಂಡಿದ್ದರು. ಅಂಥ ತಪ್ಪಿಗೆ ಆಡುವ ತಂಡವನ್ನು ದಂಡಿಸಬಹುದೆ? ದಂಡಿಸುವುದಾದರೆ ಎಷ್ಟು ಕಠಿನವಾಗಿ? ಅಮೆರಿಕಾದಲ್ಲಿ ಈ ಪ್ರಶ್ನೆಯ ಮೇಲೆ ಅಪ್ಪ ಮಕ್ಕಳಲ್ಲಿ ಮನಸ್ತಾಪ ಬಂದದ್ದುಂಟು. ಅಷ್ಟು ದೂರದಲ್ಲಿರುವ ನಮಗೆ, ಯಾವ ತಂಡದ ಅಭಿಮಾನವೂ ಇಲ್ಲದ್ದರಿಂದ, ವಿಷಯವನ್ನು ಸಾವಧಾನವಾಗಿ ನೋಡುವ ಅನುಕೂಲವಿದೆ.

ಮೊದಲು ಅಲ್ಲಿನ ಕಾಲೇಜು ಆಟದ ರೀತಿಯನ್ನು ಸ್ವಲ್ಪ ತಿಳಿಯಬೇಕು. ಅಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಹುಡುಗರು ಕಾಲಿನಿಂದ ಒದೆಯುವ ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ತಲೆಗೆ ಗಟ್ಟಿ ಟೋಪಿ, ಭುಜಕ್ಕೆ ಮೆತ್ತೆ ಕಟ್ಟಿಕೊಂಡು, ಎದುರಾಳಿಗಳ ಸಾಲನ್ನು ಒಡೆದು ನುಗ್ಗುವ ಆಟ ಅದು. ನಮ್ಮಲ್ಲಿ ಅಂತರಕಾಲೇಜು ಪಂದ್ಯವೆಂದರೆ ಆಡುವವರ ಗೆಳೆಯರು, ಒಂದಿಬ್ಬರು ಅಧ್ಯಾಪಕರು, ಒಬ್ಬ ಕಡಲೆಕಾಯಿ ಮಾರುವವನು ಸೇರಿದರೆ ಅದೇ ಸಭೆ. ಪೆನ್ ಸ್ಟೇಟಿನ ಬೀವರ್ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಮೇಲೆ ಜನ ಕೂರುತ್ತಾರೆ. ಆ ಊರಿನ ಒಟ್ಟು ಜನಸಂಖ್ಯೆ ಅದರ ಅರ್ಧವೂ ಇಲ್ಲ. ಪಂದ್ಯದ ದಿನ ಸುತ್ತಲಿನ ಬೆಟ್ಟದ ದಾರಿಗಳೆಲ್ಲ ಜಾತ್ರೆಯ ದಾರಿಗಳಾಗುತ್ತವೆ. ಫುಟ್‌ಬಾಲಿನಿಂದ ಬರುವ ವರ್ಷದ ವರಮಾನ ಕೋಟಿಗಟ್ಟಲೆ ಡಾಲರು. ಆಡುವ ಹುಡುಗರಿಗೆ ಆ ಕಾಲದಲ್ಲಿ ಸಂಬಳವಿರಲಿಲ್ಲ. ವಿದ್ಯಾರ್ಥಿವೇತನ, ಊಟ, ವಸತಿ ದೊರೆಯುತ್ತಿತ್ತು. ತರಬೇತುದಾರನಿಗೆ ಮಾತ್ರ ವಿಶ್ವವಿದ್ಯಾನಿಲಯದ ಅಧ್ಯಕ್ಷನಿಗಿಂತ ಹೆಚ್ಚು ಸಂಬಳವಿರುವುದು ಅಲ್ಲಿ ಯಾರಿಗೂ ಆಶ್ಚರ್ಯದ ಸಂಗತಿಯಲ್ಲ.

ಪೆನ್ ಸ್ಟೇಟಿನಲ್ಲಿ ಆ ತರಬೇತುದಾರ ಜೋ ಪಟರ್ನೊ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ 1926ರಲ್ಲಿ ಹುಟ್ಟಿದವನು. ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವನು. ಲ್ಯಾಟಿನ್ ಕವಿ ವರ್ಜಿಲನ ಮಹಾಕಾವ್ಯದ ಮೇಲೆ ಆತನಿಗೆ ಜೀವಮಾನವೆಲ್ಲ ಪ್ರೀತಿ. 1950ರಲ್ಲಿ ಸಹಾಯಕನಾಗಿ ಬಂದು, 1966ರಲ್ಲಿ ಮುಖ್ಯ ತರಬೇತುದಾರನಾಗಿ, ನಲವತ್ತಾರು ಋತುಗಳ ಕಾಲ ಆ ಸ್ಥಾನದಲ್ಲಿದ್ದ. 1982 ಮತ್ತು 1986ರಲ್ಲಿ ಆತನ ತಂಡ ರಾಷ್ಟ್ರದ ಅಗ್ರಸ್ಥಾನ ಪಡೆಯಿತು. ಆಟಗಾರರು ಓದಲೇಬೇಕು, ಪದವಿ ಪಡೆಯಲೇಬೇಕು ಎಂಬುದು ಅವನ ಹಟ. ಇತರ ಕಡೆ ಆಟಗಾರರು ಹೆಸರಿಗೆ ಮಾತ್ರ ವಿದ್ಯಾರ್ಥಿಗಳಾಗಿದ್ದಾಗ ಅವನ ಹುಡುಗರು ಪರೀಕ್ಷೆಗಳಲ್ಲಿ ಉತ್ತೀರ್ಣರಾಗುತ್ತಿದ್ದರು. ತಾನೂ ತನ್ನ ಹೆಂಡತಿಯೂ ಸೇರಿ ವಿಶ್ವವಿದ್ಯಾನಿಲಯಕ್ಕೆ ನಲವತ್ತು ಲಕ್ಷ ಡಾಲರಿಗೂ ಮೇಲೆ ಕೊಟ್ಟರು. ಅಲ್ಲಿನ ಗ್ರಂಥಾಲಯದ ಒಂದು ಭಾಗಕ್ಕೆ ಅವರ ಹೆಸರನ್ನಿಟ್ಟರು. ಕ್ರೀಡಾಂಗಣದ ಮುಂದೆ 2001ರಲ್ಲಿ ಆತನ ಏಳಡಿಯ ಕಂಚಿನ ಪ್ರತಿಮೆ ನಿಂತಿತು. ಬದುಕಿರುವಾಗಲೇ ಪ್ರತಿಮೆಯಾಗುವುದು ಯಾರಿಗೂ ಒಳ್ಳೆಯದಲ್ಲವೇನೊ.

ಇಷ್ಟು ಹೇಳಿದ್ದು ಹೊಗಳಿಕೆಗಲ್ಲ. ಮುಂದಿನದು ಎಂಥ ನೆರಳಿನಲ್ಲಿ ನಡೆಯಿತೆಂಬುದನ್ನು ತೋರಿಸಲು ಇದು ಬೇಕು. ನಾಲ್ಕು ಜನ ಸಂದೇಹಪಡುವಂಥ ಸಂಸ್ಥೆಯಲ್ಲಿ ತಪ್ಪು ಬಹಳ ದಿನ ಅಡಗಿರುವುದಿಲ್ಲ. ಇಲ್ಲಿ ಸಂದೇಹಪಡುವುದೇ ಅಪಚಾರವೆನಿಸಿತ್ತು.

ಜೆರ್ರಿ ಸ್ಯಾಂಡಸ್ಕಿ ಎಂಬಾತ ಪಟರ್ನೊನ ಕೈಕೆಳಗೆ ಮೂವತ್ತು ವರ್ಷ ದುಡಿದವನು. ತಂಡದ ರಕ್ಷಣಾ ವಿಭಾಗವನ್ನು ಕಟ್ಟಿದ ಕುಶಲನೆಂದು ಹೆಸರಾದವನು. ಬಡ ಮಕ್ಕಳು, ತಂದೆಯಿಲ್ಲದ ಮಕ್ಕಳಿಗಾಗಿ 1977ರಲ್ಲಿ ಒಂದು ಧರ್ಮಸಂಸ್ಥೆಯನ್ನೂ ಸ್ಥಾಪಿಸಿದ. ಆ ಮಕ್ಕಳನ್ನು ಪಂದ್ಯಗಳಿಗೆ ಕರೆತರುವನು, ಆಟಗಾರರ ಪಕ್ಕದಲ್ಲಿ ನಿಲ್ಲಿಸುವನು, ಉಡುಗೊರೆ ಕೊಡುವನು. ಹತ್ತು ಹನ್ನೆರಡು ವರ್ಷದ ಬಡ ಹುಡುಗನಿಗೆ ಅದು ಸ್ವರ್ಗದ ಬಾಗಿಲು ತೆರೆದಂತೆ. ಬಲಿಯಾದ ಹುಡುಗರು ಆ ಬಾಗಿಲಿನಿಂದಲೇ ಬಂದವರು.

1998ರ ಮೇ ತಿಂಗಳಲ್ಲಿ ಒಬ್ಬ ತಾಯಿ ವಿಶ್ವವಿದ್ಯಾನಿಲಯದ ಪೊಲೀಸರಿಗೆ ದೂರು ಕೊಟ್ಟಳು: ತನ್ನ ಹನ್ನೊಂದು ವರ್ಷದ ಮಗನನ್ನು ಆತ ವ್ಯಾಯಾಮಶಾಲೆಯ ಸ್ನಾನದ ಮನೆಗೆ ಕರೆದೊಯ್ದಿದ್ದನೆಂದು. ವಿಚಾರಣೆ ನಡೆಯಿತು. ಸರ್ಕಾರಿ ವಕೀಲರು ಮೊಕದ್ದಮೆ ಹೂಡಲಿಲ್ಲ. ಮರುವರ್ಷ ಸ್ಯಾಂಡಸ್ಕಿ ನಿವೃತ್ತನಾದ. ಗೌರವದ ಪದವಿ, ಒಂದು ಕೊಠಡಿ, ಕಟ್ಟಡಗಳ ಬೀಗದ ಕೈ, ಎಲ್ಲವೂ ಅವನ ಬಳಿಯಲ್ಲಿಯೇ ಉಳಿದುವು.

2000ನೆಯ ಇಸವಿಯಲ್ಲಿ ನಡೆದದ್ದು ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಹೃದಯ. ರಾತ್ರಿ ಪಾಳಿಯಲ್ಲಿ ನೆಲ ಗುಡಿಸಿ ಒರೆಸುವ ಕೆಲಸಗಾರನೊಬ್ಬ ಆ ಸ್ನಾನದ ಮನೆಯಲ್ಲಿ ಕಾಣಬಾರದ್ದನ್ನು ಕಂಡ. ನಡುಗುತ್ತ ಬಂದು ಜೊತೆಯವರಿಗೆ ಹೇಳಿದ. ಅವರೆಲ್ಲ ಕೂಡಿ ಮಾತಾಡಿಕೊಂಡರು. ಯಾರಿಗೆ ಹೇಳಬೇಕೆಂದು ಯೋಚಿಸಿದರು. ಕೊನೆಗೆ ಯಾರಿಗೂ ಹೇಳಲಿಲ್ಲ. ಹೇಳಿದರೆ ವಿಶ್ವವಿದ್ಯಾನಿಲಯವೆಲ್ಲ ಫುಟ್‌ಬಾಲಿನ ಕಡೆ ಒಂದಾಗಿ ನಿಲ್ಲುತ್ತದೆ, ನಮ್ಮ ಕೆಲಸ ಹೋಗುತ್ತದೆ ಎಂಬ ಭಯ. ಪಟರ್ನೊ ಅವರ ಬಾಯಿ ಮುಚ್ಚಿಸಿರಲಿಲ್ಲ. ಯಾರೂ ಬೆದರಿಸಿರಲಿಲ್ಲ. ಬೆದರಿಸುವ ಅಗತ್ಯವೇ ಇರಲಿಲ್ಲ. ಕೋಟಿ ರೂಪಾಯಿಯ ಕ್ರೀಡಾಂಗಣ, ಶನಿವಾರದ ಜಾತ್ರೆ, ಇವೆಲ್ಲ ಸೇರಿ ಪೊರಕೆ ಹಿಡಿದವನಿಗೆ ಹೇಳಬೇಕಾದುದನ್ನು ಹೇಳಿದ್ದವು. ತಪ್ಪು ಒಬ್ಬ ವ್ಯಕ್ತಿಯದು, ತಂಡವನ್ನೇಕೆ ಎಳೆಯುತ್ತೀರಿ ಎನ್ನುವವರು ಈ ಕೆಲಸಗಾರನಿಗೆ ಉತ್ತರ ಕೊಡಬೇಕಾಗುತ್ತದೆ.

2001ರ ಫೆಬ್ರವರಿಯಲ್ಲಿ ಮತ್ತೊಮ್ಮೆ. ಈ ಸಾರಿ ನೋಡಿದವನು ತಂಡದ ಒಬ್ಬ ತರುಣ ಸಹಾಯಕ. ಅವನು ಮರುದಿನ ಪಟರ್ನೊನ ಮನೆಗೆ ಹೋಗಿ ತಿಳಿಸಿದ. ಪಟರ್ನೊ ಕ್ರೀಡಾವಿಭಾಗದ ನಿರ್ದೇಶಕ ಟಿಮ್ ಕರ್ಲಿಗೆ ಮತ್ತು ಹಿರಿಯ ಅಧಿಕಾರಿ ಗ್ಯಾರಿ ಶುಲ್ಟ್ಸ್‌ಗೆ ತಿಳಿಸಿದ. ಅವರು ಅಧ್ಯಕ್ಷ ಗ್ರಹಾಮ್ ಸ್ಪ್ಯಾನಿಯರ್‌ಗೆ ತಿಳಿಸಿದರು. ಈ ಅಧ್ಯಕ್ಷನೆಂದರೆ ನಮ್ಮ ವೈಸ್ ಚಾನ್ಸಲರರಿದ್ದಂತೆ. ಮಕ್ಕಳ ರಕ್ಷಣೆಯ ಸರ್ಕಾರಿ ಇಲಾಖೆಗೆ ತಿಳಿಸಬೇಕೆಂದು ಮೊದಲು ಯೋಚಿಸಿದ್ದುಂಟು. ಆಮೇಲೆ ಕರ್ಲಿ, ಪಟರ್ನೊನೊಡನೆ ಮಾತಾಡಿದ ನಂತರ, ಮೊದಲು ಸ್ಯಾಂಡಸ್ಕಿಗೇ ಬುದ್ಧಿ ಹೇಳೋಣ ಎಂದು ಬರೆದ. ಅಧ್ಯಕ್ಷ ಒಪ್ಪಿದ. ಈ ಮಾರ್ಗ ಮಾನವೀಯವಾದುದು, ಸಮಂಜಸವಾದುದು. ಆತ ಮಾತು ಕೇಳದೆ ಹೋದರೆ ಮಾತ್ರ, ವರದಿ ಮಾಡಲಿಲ್ಲವೆಂಬ ಅಪವಾದಕ್ಕೆ ನಾವು ಗುರಿಯಾಗಬಹುದು ಎಂಬ ಅರ್ಥದ ಉತ್ತರ ಬರೆದ. ಮಾನವೀಯ ಎಂಬ ಮಾತು ಆ ಕಾಗದದಲ್ಲಿ ಬಂದದ್ದು ಸ್ಯಾಂಡಸ್ಕಿಯ ಸಂಬಂಧದಲ್ಲಿ. ಸ್ನಾನದ ಮನೆಯಲ್ಲಿದ್ದ ಆ ಹುಡುಗ ಯಾರು, ಎಲ್ಲಿದ್ದಾನೆ, ಹೇಗಿದ್ದಾನೆ ಎಂದು ಈ ದೊಡ್ಡವರಲ್ಲಿ ಒಬ್ಬನೂ ಹುಡುಕಲಿಲ್ಲ.

ಮುಂದೆ ಹತ್ತು ವರ್ಷ. ಬೇರೊಂದು ಊರಿನ ಶಾಲೆಯಿಂದ 2008ರಲ್ಲಿ ಬಂದ ದೂರಿನಿಂದ ವಿಚಾರಣೆ ಮೊದಲಾಗಿ, 2011ರ ನವೆಂಬರಿನಲ್ಲಿ ಸ್ಯಾಂಡಸ್ಕಿ ಬಂಧಿತನಾದ. ಅದಕ್ಕೆ ಒಂದೇ ವಾರ ಮುಂಚೆ, ಅಕ್ಟೋಬರ್ 29ರಂದು, ಪಟರ್ನೊ ತನ್ನ 409ನೆಯ ಪಂದ್ಯ ಗೆದ್ದು ಗ್ರ್ಯಾಂಬ್ಲಿಂಗ್ ಕಾಲೇಜಿನ ಎಡ್ಡಿ ರಾಬಿನ್‌ಸನ್ನನ 408ರ ದಾಖಲೆಯನ್ನು ಮುರಿದಿದ್ದ. ನವೆಂಬರ್ 9ರ ರಾತ್ರಿ ಧರ್ಮದರ್ಶಿಗಳ ಮಂಡಳಿ ಅವನನ್ನು ಟೆಲಿಫೋನಿನಲ್ಲಿ ಕೆಲಸದಿಂದ ತೆಗೆಯಿತು. ಅಧ್ಯಕ್ಷನೂ ಅದೇ ರಾತ್ರಿ ಹೋದ. ಸಾವಿರಾರು ವಿದ್ಯಾರ್ಥಿಗಳು ಬೀದಿಗೆ ಬಂದು ದೊಂಬಿ ಮಾಡಿ ಸುದ್ದಿಯವರ ಒಂದು ವ್ಯಾನನ್ನು ಮಗುಚಿಹಾಕಿದರು. ಬಲಿಯಾದ ಹುಡುಗರಿಗಾಗಿ ಅವರಲ್ಲಿ ಬಹುಮಂದಿ ಎರಡು ದಿನದ ಮೇಲೆ ಮೋಂಬತ್ತಿ ಹಿಡಿದು ನಿಂತದ್ದೂ ನಿಜ. ಆದರೆ ಮೊದಲು ಮಗುಚಿದ್ದು ವ್ಯಾನು. ಪಟರ್ನೊ 2012ರ ಜನವರಿ 22ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ. ಜೂನ್ 22ರಂದು ಪಂಚರು ಹತ್ತು ಹುಡುಗರ ಸಂಬಂಧದಲ್ಲಿ 48 ಆರೋಪಗಳ ಪೈಕಿ 45ರಲ್ಲಿ ಸ್ಯಾಂಡಸ್ಕಿಯನ್ನು ಅಪರಾಧಿಯೆಂದು ತೀರ್ಮಾನಿಸಿದರು. ಅಕ್ಟೋಬರಿನಲ್ಲಿ 30ರಿಂದ 60 ವರ್ಷದ ಸೆರೆವಾಸ ವಿಧಿಸಲಾಯಿತು.

ಇಲ್ಲಿಯವರೆಗೆ ನ್ಯಾಯಸ್ಥಾನದ ಕೆಲಸ. ಇನ್ನು ಕ್ರೀಡಾ ಸಂಘದ ಪ್ರವೇಶ.

ಎನ್.ಸಿ.ಎ.ಎ. ಎಂದು ಕರೆಯುವ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘದ ಹುಟ್ಟೂ ಒಂದು ಸ್ವಾರಸ್ಯದ ಕಥೆ. 1905ರ ಋತುವಿನಲ್ಲಿ ಈ ಆಟದಲ್ಲಿ ಹದಿನೆಂಟು ಜನ ಸತ್ತರೆಂದು ಷಿಕಾಗೋ ಪತ್ರಿಕೆಯೊಂದು ಎಣಿಸಿತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ತಿದ್ದಿಕೊಳ್ಳಿರೆಂದ. ಅದರ ಬೆನ್ನಿಗೇ 1906ರಲ್ಲಿ ಹುಟ್ಟಿದ ಸಂಘ 1910ರಲ್ಲಿ ಈಗಿನ ಹೆಸರು ಪಡೆಯಿತು. ಅಂದರೆ ಹುಡುಗರ ಮೈಗೆ ಕೇಡಾಗಬಾರದೆಂದು ಹುಟ್ಟಿದ ಸಂಘ ಅದು. ಆದರೆ ಆಟ ಹಣದ ಗಣಿಯಾದಂತೆ ಸಂಘದ ಗಮನವೆಲ್ಲ ಹಣದ ಕಡೆ ತಿರುಗಿತು. ಯಾವ ಆಟಗಾರನಿಗೆ ಯಾರು ಗುಟ್ಟಾಗಿ ಕಾಸು ಕೊಟ್ಟರು, ಕಾರು ಕೊಟ್ಟರು, ಯಾವ ಹುಡುಗನನ್ನು ಯಾವ ವಾರದಲ್ಲಿ ಭೇಟಿಮಾಡಿದರು, ಇಂಥವೇ ಅದರ ಕಟ್ಟಳೆಗಳು. ನೂರಾರು ಪುಟದ ಆ ಪುಸ್ತಕದಲ್ಲಿ ಮಕ್ಕಳನ್ನು ಕಾಪಾಡಬೇಕೆಂಬ ಒಂದು ಸ್ಪಷ್ಟವಾದ ಕಟ್ಟಳೆ ಇರಲಿಲ್ಲ.

ಕಠಿನವಾಗಿ ದಂಡಿಸಲು ಸಂಘಕ್ಕೆ ಬರುತ್ತಿರಲಿಲ್ಲವೆಂದಲ್ಲ. ಟೆಕ್ಸಸ್ಸಿನ ಡಲ್ಲಾಸ್ ನಗರದಲ್ಲಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯವಿದೆ. ಅಲ್ಲಿನ ಆಟಗಾರರಿಗೆ ಶ್ರೀಮಂತ ಅಭಿಮಾನಿಗಳು ಗುಟ್ಟಿನ ನಿಧಿಯಿಂದ ಹಣ ಹಂಚುತ್ತಿದ್ದರು. ಒಮ್ಮೆ ಸಿಕ್ಕಿಬಿದ್ದ ಮೇಲೂ ಹಂಚುವುದು ನಿಲ್ಲಲಿಲ್ಲ. ಮಂಡಳಿಯ ಅಧ್ಯಕ್ಷನಾಗಿದ್ದು ಆಮೇಲೆ ಟೆಕ್ಸಸ್ಸಿನ ಗವರ್ನರನೇ ಆದ ಬಿಲ್ ಕ್ಲೆಮೆಂಟ್ಸ್ ಅದಕ್ಕೆ ತನ್ನ ಒಪ್ಪಿಗೆಯಿತ್ತೆಂದು ಒಪ್ಪಿಕೊಂಡ. 1987ರ ಫೆಬ್ರವರಿ 25ರಂದು ಸಂಘ ಆ ವರ್ಷದ ಆಟವನ್ನೇ ನಿಲ್ಲಿಸಿತು. ಪತ್ರಿಕೆಗಳು ಇದನ್ನು ‘ಮರಣದಂಡನೆ’ ಎಂದು ಕರೆದವು. ಮರುವರ್ಷ ಆಡಲು ವಿಶ್ವವಿದ್ಯಾನಿಲಯಕ್ಕೇ ಶಕ್ತಿಯಿರಲಿಲ್ಲ. 1989ರಲ್ಲಿ ಮತ್ತೆ ಕಣಕ್ಕಿಳಿದ ತಂಡಕ್ಕೆ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸೋಲಿಗಿಂತ ಗೆಲವು ಹೆಚ್ಚಾದದ್ದು ಒಂದೇ ಒಂದು ವರ್ಷ. ಋತುವಿನ ಕೊನೆಯ ಗೌರವದ ಬೌಲ್ ಪಂದ್ಯಕ್ಕೆ ಅದು ಮತ್ತೆ ಹೋದದ್ದು 2009ರಲ್ಲಿ. ಒಟ್ಟು 61,000 ಡಾಲರು, ಹದಿಮೂರು ಆಟಗಾರರು. ಅದಕ್ಕೆ ಇಷ್ಟು ಶಿಕ್ಷೆ.

ಆದುದರಿಂದ 2012ರಲ್ಲಿ ಜನ ಕೇಳಿದ ಪ್ರಶ್ನೆ ಸಹಜವೇ ಆಗಿತ್ತು: ಕಾಸು ಹಂಚಿದ್ದಕ್ಕೆ ಮರಣದಂಡನೆಯಾದರೆ ಮಕ್ಕಳ ಗೋಳನ್ನು ಮುಚ್ಚಿದ್ದಕ್ಕೆ ಏನು?

ವಿಶ್ವವಿದ್ಯಾನಿಲಯ ತಾನೇ ನೇಮಿಸಿದ್ದ ಲೂಯಿ ಫ್ರೀ ಎಂಬ ಮಾಜಿ ಎಫ್.ಬಿ.ಐ. ಮುಖ್ಯಸ್ಥನ ವರದಿ ಜುಲೈ 12ರಂದು ಹೊರಬಂತು, 267 ಪುಟ. ಅಧ್ಯಕ್ಷ, ಇಬ್ಬರು ಅಧಿಕಾರಿಗಳು, ಪಟರ್ನೊ, ಈ ನಾಲ್ವರೂ ಮಕ್ಕಳ ಕ್ಷೇಮವನ್ನು ಲಕ್ಷಿಸಲಿಲ್ಲವೆಂದು ಅದು ಹೇಳಿತು. ಪಟರ್ನೊನ ಮನೆಯವರು ಇದನ್ನು ಒಪ್ಪಲಿಲ್ಲ. ಮುಂದಿನ ವರ್ಷ ತಮ್ಮದೇ ಒಂದು ಪ್ರತಿವರದಿ ಮಾಡಿಸಿದರು. ಸಂಘ ಅಷ್ಟು ಕಾಯಲಿಲ್ಲ. ವರದಿ ಬಂದ ಹನ್ನೊಂದನೆಯ ದಿನಕ್ಕೆ, ತನ್ನ ವಾಡಿಕೆಯ ವಿಚಾರಣೆಯೊಂದನ್ನೂ ನಡೆಸದೆ, ಅಧ್ಯಕ್ಷ ಮಾರ್ಕ್ ಎಮ್ಮರ್ಟ್ ಶಿಕ್ಷೆಯನ್ನು ಸಾರಿದ. ಆರು ಕೋಟಿ ಡಾಲರು ದಂಡ. ಇದು ಫುಟ್‌ಬಾಲಿನ ಸುಮಾರು ಒಂದು ವರ್ಷದ ವರಮಾನ. ನಾಲ್ಕು ವರ್ಷ ಬೌಲ್ ಪಂದ್ಯಗಳಿಗೆ ಪ್ರವೇಶವಿಲ್ಲ. ವರ್ಷಕ್ಕೆ 25 ಹೊಸ ವಿದ್ಯಾರ್ಥಿವೇತನ ಕೊಡುತ್ತಿದ್ದ ಕಡೆ 15 ಮಾತ್ರ. ಐದು ವರ್ಷ ನಿಗಾ. ಜೊತೆಗೆ, ಮೊದಲು ಹೇಳಿದ 112 ಗೆಲವುಗಳ ರದ್ದು. ಒಪ್ಪದಿದ್ದರೆ ಆಟವನ್ನೇ ನಿಲ್ಲಿಸುವೆವೆಂಬ ಮಾತನ್ನು ಕೇಳಿಸಿಕೊಂಡು, ಹೊಸ ಅಧ್ಯಕ್ಷ ರಾಡ್ನಿ ಎರಿಕ್‌ಸನ್ ರುಜು ಹಾಕಿದ. ಹಿಂದಿನ ದಿನ ಬೆಳಗ್ಗೆ ಪ್ರತಿಮೆಯನ್ನು ಕಿತ್ತು ಸಾಗಿಸಿದ್ದರು.

ಈ ಶಿಕ್ಷೆ ಸರಿಯೆ? ಸರಿಯಲ್ಲವೆನ್ನುವವರ ಮುಖ್ಯವಾದ ವಾದ ಎಲ್ಲರಿಗೂ ಗೊತ್ತಿರುವುದೇ: ತಪ್ಪು ಮಾಡಿದವನು ಜೈಲಿನಲ್ಲಿದ್ದಾನೆ, ಮುಚ್ಚಿದವರು ಕೆಲಸ ಕಳೆದುಕೊಂಡಿದ್ದಾರೆ, ಉಳಿದ ಹುಡುಗರು ಏನು ಮಾಡಿದ್ದರು? ಮಾತು ಹಗುರವಾದುದಲ್ಲ. 2012ರಲ್ಲಿ ಆಡುತ್ತಿದ್ದ ಇಪ್ಪತ್ತು ವರ್ಷದ ಯುವಕ 2001ರಲ್ಲಿ ಒಂಬತ್ತು ವರ್ಷದ ಮಗು. ಸ್ಯಾಂಡಸ್ಕಿಯ ಕಣ್ಣಿಗೆ ಬಿದ್ದಿದ್ದರೆ ತಾನೇ ಬಲಿಯಾಗಬಹುದಾಗಿದ್ದ ವಯಸ್ಸು. ಬೇರೆ ಕಾಲೇಜಿಗೆ ಹೋಗಲು ಅವರಿಗೆ ಅನುಮತಿಯಿತ್ತು. ಕೆಲವರು ಹೋದರು, ಬಹುಮಂದಿ ಉಳಿದರು. ಉಳಿದವರು ಬಿಲ್ ಓಬ್ರಿಯನ್ ಎಂಬ ಹೊಸ ತರಬೇತುದಾರನ ಕೈಕೆಳಗೆ ಆ ವರ್ಷ ಎಂಟು ಪಂದ್ಯ ಗೆದ್ದು ನಾಲ್ಕು ಸೋತರು. ಕಡಮೆಯಾದ ವಿದ್ಯಾರ್ಥಿವೇತನದ ಮಾತೂ ಹೀಗೆಯೇ. ಫುಟ್‌ಬಾಲ್ ಇಲ್ಲದಿದ್ದರೆ ಕಾಲೇಜಿನ ಮೆಟ್ಟಿಲನ್ನೇ ಹತ್ತಲಾರದ ಎಷ್ಟೋ ಬಡ ಹುಡುಗರ ಅವಕಾಶವದು. ಮಕ್ಕಳನ್ನು ಕಡೆಗಣಿಸಿದ ತಪ್ಪಿಗೆ ಬೇರೆ ಬಡವರ ಮಕ್ಕಳ ಓದನ್ನು ಕಿತ್ತುಕೊಳ್ಳುವುದು ವಿಚಿತ್ರವಾದ ಪ್ರಾಯಶ್ಚಿತ್ತ.

ಆದರೂ ಈ ವಾದವನ್ನು ಕೊನೆಯವರೆಗೆ ಎಳೆದರೆ ಯಾವ ಸಂಸ್ಥೆಯನ್ನೂ ದಂಡಿಸಲಾಗದು. ಬ್ಯಾಂಕಿಗೆ ದಂಡ ಹಾಕಿದರೆ ತಪ್ಪಿಲ್ಲದ ಗುಮಾಸ್ತನಿಗೂ ಬಿಸಿ ತಾಗುತ್ತದೆ. ಗಿರಣಿಯನ್ನು ಮುಚ್ಚಿಸಿದರೆ ಕೂಲಿಯವನ ಮನೆಯ ಒಲೆ ಆರುತ್ತದೆ. ನಿರಪರಾಧಿಗಳಿದ್ದಾರೆಂಬ ಒಂದೇ ಕಾರಣಕ್ಕೆ ಸಂಸ್ಥೆ ಕೈತೊಳೆದುಕೊಳ್ಳಬಾರದು. ಅಲ್ಲದೆ, ಆ ಕೆಲಸಗಾರರ ಭಯವನ್ನು ಹುಟ್ಟಿಸಿದ್ದು ಯಾವೊಬ್ಬ ವ್ಯಕ್ತಿಯೂ ಅಲ್ಲ, ಆಟದ ದೊಡ್ಡಸ್ತಿಕೆ. ಆ ದೊಡ್ಡಸ್ತಿಕೆಯನ್ನು ಮುಟ್ಟದೆ ನಾಲ್ಕು ಅಧಿಕಾರಿಗಳನ್ನು ಬದಲಾಯಿಸಿದರೆ, ನಾಳೆ ಪೊರಕೆ ಹಿಡಿದು ಬರುವವನು ಮತ್ತೆ ಹೆದರುತ್ತಾನೆ. ಕಠಿನ ದಂಡನೆ ಬೇಕಾಗಿತ್ತು ಎಂದೇ ನನ್ನ ಅಭಿಪ್ರಾಯ. ಆರು ಕೋಟಿ ಡಾಲರು ಹೆಚ್ಚಾಯಿತೆಂದು ನನಗೆ ಅನ್ನಿಸುವುದಿಲ್ಲ.

ಆದರೆ ಗೆಲವುಗಳನ್ನು ಅಳಿಸಿದ್ದು ಏನು ಸಾಧಿಸಿತು? ಪಟರ್ನೊನ ಲೆಕ್ಕ 409ರಿಂದ 298ಕ್ಕೆ ಇಳಿಯಿತು. ಸತ್ತವನಿಗೆ ಅದರಿಂದ ಏನು ನೋವು? ಒಬ್ಬ ಹುಡುಗನಿಗೂ ಅದರಿಂದ ನೆಮ್ಮದಿ ಬರಲಿಲ್ಲ. ಚರಿತ್ರೆಯ ದೃಷ್ಟಿಯಿಂದ ಅದು ಸುಳ್ಳು ಕೂಡ. ಆ ಗೆಲವುಗಳು ನಡೆದಿದ್ದವು, ಆ ಶನಿವಾರಗಳ ಗದ್ದಲದ ಮರೆಯಲ್ಲಿಯೇ ಅಪರಾಧವೂ ನಡೆದಿತ್ತು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ನಾಚಿಕೆಯಾಗುವುದು. ಗೆಲವನ್ನು ತೆಗೆದುಹಾಕಿದರೆ ನಾಚಿಕೆಯ ಅರ್ಧ ಭಾಗವೂ ಅದರೊಡನೆ ಹೋಗುತ್ತದೆ. ಇದಕ್ಕಿಂತ ಕೆಟ್ಟದ್ದು ಮತ್ತೊಂದಾಯಿತು: ಊರಿನ ಮಾತೆಲ್ಲ ಹುಡುಗರನ್ನು ಬಿಟ್ಟು 409ರ ಸುತ್ತ ತಿರುಗತೊಡಗಿತು. ಅನ್ಯಾಯಕ್ಕೆ ಗುರಿಯಾದವರು ನಾವು ಎಂದು ಅಭಿಮಾನಿಗಳು ನಂಬಿದರು. ನಂಬಲು ಸಂಘವೇ ಅವರಿಗೆ ಕಾರಣ ಒದಗಿಸಿತ್ತು.

ಏಕೆಂದರೆ ಶಿಕ್ಷೆಗೆ ಅಡಿಪಾಯವಿರಲಿಲ್ಲ. ಯಾವ ಕಟ್ಟಳೆಯನ್ನು ಮುರಿದರೆಂಬುದಕ್ಕೆ ಸರಿಯಾದ ಉತ್ತರವಿಲ್ಲ, ಸ್ವಂತ ವಿಚಾರಣೆಯಿಲ್ಲ, ಮೇಲ್ಮನವಿಯಿಲ್ಲ. ದಂಡದ ಹಣ ಪೆನ್ಸಿಲ್ವೇನಿಯಾದಲ್ಲಿಯೇ ಖರ್ಚಾಗಬೇಕೆಂದು ಸಂಸ್ಥಾನದ ಸೆನೆಟರ್ ಜೇಕ್ ಕಾರ್ಮನ್ ಮೊಕದ್ದಮೆ ಹೂಡಿದ. ಆ ಮೊಕದ್ದಮೆಯಲ್ಲಿ 2014ರಲ್ಲಿ ಸಂಘದ ಒಳಗಿನ ಪತ್ರಗಳು ಹೊರಬಿದ್ದವು. ನಮಗೆ ಇದರಲ್ಲಿ ಅಧಿಕಾರವಿದೆಯೆ ಎಂದು ಸಂಘದವರೇ ಅನುಮಾನಿಸಿದ್ದರು. ಇದು ಬರಿಯ ಬೆದರಿಕೆಯ ಆಟವೆಂಬರ್ಥದ ಮಾತೂ ಅವುಗಳಲ್ಲಿತ್ತು. ಅಷ್ಟರಲ್ಲಿ ಗಂಟುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಲಿದ್ದವು. 2013ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿವೇತನಗಳನ್ನು ಹಿಂದಕ್ಕೆ ಕೊಡತೊಡಗಿದರು. 2014ರ ಸೆಪ್ಟೆಂಬರಿನಲ್ಲಿ ಬೌಲ್ ಪಂದ್ಯದ ನಿಷೇಧ ಹೋಯಿತು. 2015ರ ಜನವರಿ 16ರಂದು 112 ಗೆಲವುಗಳೂ ಮರಳಿ ಬಂದು ಪುಸ್ತಕದಲ್ಲಿ ಕುಳಿತವು. ಎಲ್ಲಕ್ಕಿಂತ ಕಠಿನವೆಂದು ಸಾರಿದ ಶಿಕ್ಷೆಯಲ್ಲಿ ಆಟದಿಂದ ಕಿತ್ತುಕೊಂಡದ್ದೆಲ್ಲ ಎರಡೂವರೆ ವರ್ಷದೊಳಗೆ ಆಟಕ್ಕೇ ಹಿಂದಿರುಗಿತು. ಉಳಿದದ್ದು ಆರು ಕೋಟಿ ಡಾಲರು. ಅದರಲ್ಲಿ 4 ಕೋಟಿ 80 ಲಕ್ಷ ಸಂಸ್ಥಾನಕ್ಕೂ, 1 ಕೋಟಿ 20 ಲಕ್ಷ ವಿಶ್ವವಿದ್ಯಾನಿಲಯದಲ್ಲಿಯೇ ಮಕ್ಕಳ ರಕ್ಷಣೆಯ ಅಧ್ಯಯನಕ್ಕೂ ಹಂಚಿಕೆಯಾಯಿತು. ಯಾವ ಭಾಗದ ಬಗ್ಗೆ ಗದ್ದಲ ಕಡಮೆಯಾಗಿತ್ತೋ ಆ ಭಾಗವೇ ಕೆಲಸಕ್ಕೆ ಬಂತು.

ಬೇರೆ ದಾರಿಗಳು ನಿಧಾನವಾಗಿ, ಸದ್ದಿಲ್ಲದೆ ಹೆಚ್ಚು ದೂರ ಹೋದವು. ಬಲಿಯಾದ ಮೂವತ್ತಕ್ಕೂ ಹೆಚ್ಚು ಮಂದಿಗೆ ವಿಶ್ವವಿದ್ಯಾನಿಲಯ ಒಟ್ಟು ಹತ್ತು ಕೋಟಿ ಡಾಲರಿಗೂ ಮೇಲೆ ಪರಿಹಾರ ಕೊಟ್ಟಿತು. ಅಪರಾಧಗಳ ವಿವರವನ್ನು ಕಾನೂನಿನಂತೆ ಪ್ರಕಟಿಸದೆ ಹೋದದ್ದಕ್ಕೆ ಕೇಂದ್ರ ಶಿಕ್ಷಣ ಇಲಾಖೆ 2016ರಲ್ಲಿ ಸುಮಾರು 24 ಲಕ್ಷ ಡಾಲರು ದಂಡ ಹಾಕಿತು. ಅದೇ ವರ್ಷ, 2001ರಲ್ಲಿ ಕಂಡದ್ದನ್ನು ಹೇಳಿದ್ದ ಆ ಸಹಾಯಕ, ತನ್ನನ್ನು ಕೆಲಸದಿಂದ ದೂಡಿದ್ದಕ್ಕಾಗಿ ಹೂಡಿದ್ದ ದಾವೆಯಲ್ಲಿ ಗೆದ್ದ. ಕರ್ಲಿ ಮತ್ತು ಶುಲ್ಟ್ಸ್ 2017ರಲ್ಲಿ ತಪ್ಪೊಪ್ಪಿಕೊಂಡು ಎರಡು ಮೂರು ತಿಂಗಳು ಸೆರೆಮನೆ ಕಂಡರು. ಸ್ಪ್ಯಾನಿಯರ್ ನ್ಯಾಯಸ್ಥಾನದಿಂದ ನ್ಯಾಯಸ್ಥಾನಕ್ಕೆ ಹೋರಾಡಿ, 2021ರಲ್ಲಿ ಎರಡು ತಿಂಗಳು ಒಳಗಿದ್ದು ಬಂದ. ಇಪ್ಪತ್ತು ವರ್ಷದ ಹಿಂದಿನ ಒಂದು ಕಾಗದಕ್ಕೆ ಎರಡು ತಿಂಗಳು; ಹೆಚ್ಚೆಂದು ಯಾರು ಹೇಳಿಯಾರು?

ಇದೆಲ್ಲಕ್ಕಿಂತ ದೊಡ್ಡ ಬದಲಾವಣೆ ಕಾನೂನಿನದು. 2001ರ ಪೆನ್ಸಿಲ್ವೇನಿಯಾದಲ್ಲಿ ಸಂಸ್ಥೆಯ ನೌಕರ ತನ್ನ ಮೇಲಿನವರಿಗೆ ತಿಳಿಸಿದರೆ ಅವನ ಹೊಣೆ ತೀರುತ್ತಿತ್ತು. ಸುದ್ದಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವುದು, ಪ್ರತಿ ಮೆಟ್ಟಿಲಿನಲ್ಲಿಯೂ ಸ್ವಲ್ಪ ಮೆತ್ತಗಾಗುವುದು, ಕೊನೆಗೆ ‘ಮಾನವೀಯ ಮಾರ್ಗ’ವಾಗಿ ನಿಲ್ಲುವುದು. 2014ರಲ್ಲಿ ಆ ಸಂಸ್ಥಾನ ಕಾನೂನನ್ನು ತಿದ್ದಿತು. ಹೊಣೆಯಿರುವ ನೌಕರ ನೇರವಾಗಿ ಸರ್ಕಾರಕ್ಕೇ ತಿಳಿಸಬೇಕು, ಮೇಲಿನವರಿಗೆ ಹೇಳಿದೆನೆಂದರೆ ಸಾಲದು. ನಮ್ಮ ದೇಶದಲ್ಲಿ ಪೋಕ್ಸೋ ಎಂದು ಪತ್ರಿಕೆಗಳಲ್ಲಿ ಓದುವ ಕಾಯಿದೆಯೂ ಅದೇ 2012ರಲ್ಲಿ ಬಂದದ್ದು. ಮಗುವಿನ ಮೇಲಿನ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದೂ, ಕೈಕೆಳಗಿನವನ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆಯೆಂದೂ ಅದರಲ್ಲಿದೆ. ನಮ್ಮ ಶಾಲೆಗಳ ಆಡಳಿತ ಮಂಡಳಿಗಳಲ್ಲಿ ಕೂರುವವರು ಆ ಕಲಮನ್ನು ಒಮ್ಮೆ ಓದಿಕೊಂಡಿರುವುದು ಒಳ್ಳೆಯದು.

ಕ್ರೀಡಾ ಸಂಘವಾದರೋ ಒಮ್ಮೆ ಕೈಸುಟ್ಟುಕೊಂಡಮೇಲೆ ಬೆಂಕಿಯ ಹತ್ತಿರ ಹೋಗಲಿಲ್ಲ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ವೈದ್ಯ ಲ್ಯಾರಿ ನಾಸ್ಸರ್ ಚಿಕಿತ್ಸೆಯ ನೆಪದಲ್ಲಿ ನೂರಾರು ಹುಡುಗಿಯರಿಗೆ ಕೇಡುಮಾಡಿದ್ದು ಹೊರಬಂದು, 2018ರಲ್ಲಿ ಆ ವಿಶ್ವವಿದ್ಯಾನಿಲಯ 50 ಕೋಟಿ ಡಾಲರಿನ ಪರಿಹಾರಕ್ಕೆ ಒಪ್ಪಿತು. ಬಲಿಯಾದವರಲ್ಲಿ ಆ ವಿಶ್ವವಿದ್ಯಾನಿಲಯದ ಆಟಗಾರ್ತಿಯರೇ ಇದ್ದರು. ಪೆನ್ ಸ್ಟೇಟಿಗಿಂತ ಸಂಘದ ಅಧಿಕಾರಕ್ಕೆ ಹತ್ತಿರವಾದ ಪ್ರಕರಣವಿದು. ಅದೇ ವರ್ಷ ಆಗಸ್ಟಿನಲ್ಲಿ ಸಂಘ, ತನ್ನ ಕಟ್ಟಳೆಗಳಾವುವೂ ಮುರಿದಿಲ್ಲವೆಂದು ಬರೆದು ಕಡತ ಮುಚ್ಚಿತು. ಟೆಕ್ಸಸ್ಸಿನ ಬೇಲರ್ ವಿಶ್ವವಿದ್ಯಾನಿಲಯದಲ್ಲಿ ಫುಟ್‌ಬಾಲ್ ಆಟಗಾರರ ಮೇಲೆ ಬಂದ ಅತ್ಯಾಚಾರದ ದೂರುಗಳನ್ನು ಸರಿಯಾಗಿ ವಿಚಾರಿಸಲಿಲ್ಲವೆಂದು 2016ರಲ್ಲಿ ತರಬೇತುದಾರ ಆರ್ಟ್ ಬ್ರೈಲ್ಸ್ ಕೆಲಸ ಕಳೆದುಕೊಂಡ, ಅಧ್ಯಕ್ಷ ಕೆನ್ ಸ್ಟಾರ್ ತನ್ನ ಸ್ಥಾನ ಕಳೆದುಕೊಂಡ. ಸಂಘದ ಸಮಿತಿ ಐದು ವರ್ಷ ಕಳೆದು 2021ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು. ದೂರನ್ನು ಮೇಲಕ್ಕೆ ತಿಳಿಸದಿರುವುದು ತಮ್ಮ ಪುಸ್ತಕದ ಪ್ರಕಾರ ಉಲ್ಲಂಘನೆಯಲ್ಲ, ಬಹಳ ಸಂಕೋಚದಿಂದ ಹೀಗೆ ಹೇಳಬೇಕಾಗಿದೆ ಎಂದಿತು. ಬೇರೆ ಕೆಲವು ಕಟ್ಟಳೆಗಳನ್ನು ಮುರಿದದ್ದಕ್ಕೆ ನಾಲ್ಕು ವರ್ಷದ ನಿಗಾ ವಿಧಿಸಿತು. ದಂಡ 5,000 ಡಾಲರು.